ಯಶೋಧರಾ ಮೇಡಂ ಊದದ ವಿಷಲ್

ನಮ್ಮ ಜಿಲ್ಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಲು ಬರುವವರು ಬೆರಳೆಣಿಕೆಯಷ್ಟು ಮಂದಿ. ತೀರ್ಪು ಕೊಡಲು ಬರುವವರು ಮಾತ್ರ ಊರಿಗೆ ಊರೇ. ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸಿಪ್ಪೆ ಉದುರಿಸುತ್ತ ರೆಫರಿಗೆ ಕಣ್ಣು ಕಾಣಲ್ಲ ಅಂತ ಕೂಗುವಷ್ಟು ಗಂಟಲಿದ್ದರೆ ಸಾಕು, ಅವನೂ ಒಬ್ಬ ಪಂಡಿತ. ನಾನು ಆ ಪಂಡಿತರಿಗೆ ಬೆನ್ನು ಹಾಕಿ, ಕೋರ್ಟಿನ ಪಕ್ಕದ ಟೇಬಲ್ಲಿನಲ್ಲಿ ಸ್ಕೋರು ಬರೆಯುವವನು. ಹೆಸರು ಕೇಶವ. ಚಿಂತಾಮಣಿಯಲ್ಲಿ ಗುಮಾಸ್ತನ ಕೆಲಸ, ಭಾನುವಾರ ಈ ಕೆಲಸ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. ಇರಲಿ ಬಿಡಿ. ಯಶೋಧರಾ ಮೇಡಂ ಬಗ್ಗೆ ಈ ನಾಲ್ಕು ಊರು ಆಡಿದ ಮಾತು ಕೇಳಿಸಿಕೊಂಡು ತಣ್ಣಗೆ ಕೂರುವವನು ಮನುಷ್ಯನೇ ಅಲ್ಲ ಅಂತ ನನ್ನ ಅಭಿಪ್ರಾಯ.

ಲೀಗಿನಿಂದ ಅವರನ್ನು ಕಿತ್ತು ಹಾಕಿದರು ಅಂತ ಶಿಡ್ಲಘಟ್ಟದವರು ಹೇಳಿಕೊಂಡು ತಿರುಗುತ್ತಿದ್ದಾರೆ. ಶುದ್ಧ ಸುಳ್ಳು. ಅವರು ತಾವಾಗಿ ಬಿಟ್ಟರು. ಯಾಕೆ ಬಿಟ್ಟರು ಅನ್ನುವುದು ಗೊತ್ತಿರುವುದು ಮೂರೇ ಜನಕ್ಕೆ, ಅದರಲ್ಲಿ ನಾನೊಬ್ಬ.

ಮೇಡಂ ಹುಟ್ಟಿದ್ದು ಕೆಂಚಾರ್ಲಹಳ್ಳಿಯಲ್ಲಿ. ತಂದೆ ಚೆನ್ನರಾಯಪ್ಪನವರು ಪ್ರೈಮರಿ ಶಾಲೆಯ ಮೇಷ್ಟ್ರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ ತೂಗುಹಾಕಿ, ಮಗಳಿಗೆ ಆ ಹೆಸರಿಟ್ಟವರು. ಹೆಣ್ಣುಮಕ್ಕಳು ನಿಕ್ಕರು ಹಾಕಿಕೊಂಡು ಓಡುವುದೇ ಅಂತ ಊರವರು ಗೊಣಗಿದಾಗ, ನೀವು ನೋಡಬೇಡಿ ಅಂದವರಂತೆ. ಆ ಮಗಳು ಪಿ.ಟಿ. ಟೀಚರ್ ಆಗಿ, ರಾಜ್ಯದ ರೆಫರಿ ಪರೀಕ್ಷೆ ಪಾಸು ಮಾಡಿದರು. ಗಂಡಸರ ಮ್ಯಾಚಿಗೆ ವಿಷಲ್ ಹಿಡಿದು ನಿಂತ ಹೆಂಗಸು ನಮ್ಮ ಜಿಲ್ಲೆಯಲ್ಲಿ ಅವರೊಬ್ಬರೇ. ಇಸ್ತ್ರಿ ಗೆರೆ ತಪ್ಪದ ಬೂದು ಬಣ್ಣದ ಅಂಗಿ, ಬಿಗಿಯಾಗಿ ಕಟ್ಟಿದ ಕೂದಲು, ನಗು ಕಡಿಮೆ. ಮ್ಯಾಚಿನ ದಿನ ಯಾರ ಕೈಯಿಂದಲೂ ಒಂದು ಲೋಟ ಕಾಫಿ ಕುಡಿಯುತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆ ಅಂತ ನಾನೊಮ್ಮೆ ಕೇಳಿದ್ದೆ.

“ಬೇರೆಯೋರು ಕಾಫಿ ಕುಡಿದ್ರೆ ಕಾಫಿ ಕುಡಿದ್ರು ಅಂತಾರೆ ಕೇಶವ್,” ಅಂದಿದ್ದರು. “ನಾನು ಕುಡಿದ್ರೆ ಏನೇನಂತಾರೋ ನಿಮಗೆ ಗೊತ್ತಿಲ್ಲ.”

ಅವರ ಮೊದಲ ಪೋಸ್ಟಿಂಗ್ ಗೌರಿಬಿದನೂರಿನ ಹತ್ತಿರದ ಒಂದು ಹೈಸ್ಕೂಲು. ಅಲ್ಲಿ ಎಂಟನೇ ಕ್ಲಾಸಿನಲ್ಲಿ ಸಿಕ್ಕವನು ಚಿರಂಜೀವಿ. ಡೆಸ್ಕಿನ ಕೆಳಗೆ ಕಾಲು ಹಿಡಿಸದೆ ನೆಲದಲ್ಲಿ ಕೂತು ಪಾಠ ಕೇಳುತ್ತಿದ್ದನಂತೆ. ತಾಯಿ ವೆಂಕಟರತ್ನಮ್ಮ ರೈಲ್ವೆ ಸ್ಟೇಷನ್ ಎದುರು ಇಡ್ಲಿ ಅಂಗಡಿ ಇಟ್ಟುಕೊಂಡವರು, ಮನೆಮಾತು ತೆಲುಗು. ಹುಡುಗರೆಲ್ಲ ಒಂಟೆ ಅಂತ ಕರೆಯುತ್ತಿದ್ದವನನ್ನು ಮೇಡಂ ಕರೆದುಕೊಂಡು ಹೋಗಿ ರಿಂಗಿನ ಕೆಳಗೆ ನಿಲ್ಲಿಸಿದರು. ಇವತ್ತು ಅವನು ಆರೂಮುಕ್ಕಾಲು ಅಡಿ ಎತ್ತರ, ಬಾಗಿಲು ತುಂಬುವ ಮೈ. ನಮ್ಮ ನಾಲ್ಕು ತಾಲ್ಲೂಕಿನ ಲೀಗು ಶುರುವಾದ ಮೇಲೆ ಸಂಬಳಕ್ಕೆ ಆಡುತ್ತಾನೆ. ಗೌರಿಬಿದನೂರು ತಂಡ ಅಂದರೆ ಅವನೇ, ಮಿಕ್ಕ ನಾಲ್ವರು ಅವನಿಗೆ ಚೆಂಡು ತಲುಪಿಸುವವರು.

ಇಂಥವನ ಮ್ಯಾಚಿಗೆ ವಿಷಲ್ ಊದುವುದು ಎಂಥ ಕರ್ಮ ಅನ್ನುವುದನ್ನು ಕಟ್ಟೆಯ ಪಂಡಿತರಿಗೆ ಯಾರು ಹೇಳಬೇಕು? ಚಿಕ್ಕ ಆಟಗಾರನ ತೋಳು ಹಿಡಿದರೆ ಅವನು ಮುಗ್ಗರಿಸುತ್ತಾನೆ, ಎಲ್ಲರಿಗೂ ಕಾಣುತ್ತದೆ, ಫೌಲ್. ಚಿರಂಜೀವಿಯ ತೋಳಿಗೆ ಇಬ್ಬರು ಜೋತುಬಿದ್ದರೂ ಅವನು ಅಲ್ಲಾಡುವುದಿಲ್ಲ. ಅಲ್ಲಾಡದಿದ್ದರೆ ಏನೂ ಆಗಿಲ್ಲ ಅಂತ ಅರ್ಥ. ಅದೇ ಅವನು ಸುಮ್ಮನೆ ತಿರುಗಿದರೂ ಪಕ್ಕದವನು ಮೂರು ಮಾರು ದೂರ ಹೋಗಿ ಬೀಳುತ್ತಾನೆ. ಅದು ಫೌಲ್. ಹೀಗಾಗಿ ಏಟು ತಿನ್ನುವವನೂ ಅವನೇ, ತಪ್ಪಿತಸ್ಥನೂ ಅವನೇ. ಚಿಂತಾಮಣಿ ದನದ ಸಂತೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ರಿಂಗಿನ ಕೆಳಗಿನ ವ್ಯವಹಾರವೆಲ್ಲ ಹಾಗೇ. ಮೇಲೆ ನೋಡಿದರೆ ಇಬ್ಬರು ಗೌರವಸ್ಥರು ನಿಂತಿರುತ್ತಾರೆ, ಕೆಳಗೆ ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಲುಬಿನಲ್ಲಿರುತ್ತದೆ. ಅದನ್ನು ಕಂಡುಹಿಡಿಯುವ ಕಣ್ಣು ಮೇಡಂಗೆ ಇತ್ತು. ಎತ್ತರ, ತೂಕ ನೋಡಬಾರದು, ಆ ಜಾಗಕ್ಕೆ ಮೊದಲು ಬಂದವರು ಯಾರು ಅಂತ ನೋಡಬೇಕು ಅನ್ನುತ್ತಿದ್ದರು.

ಇಷ್ಟೆಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕೆಡಿಸಿದ್ದು ಒಂದು ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ಸೆಮಿಫೈನಲ್. ಆ ವರ್ಷ ಮೇಡಂ ವಿಷಲ್ ಹಿಡಿದ ಮ್ಯಾಚಿನಲ್ಲಿ ಚಿರಂಜೀವಿ ಆಡಿದ್ದು ಅದೇ ಮೊದಲು. ಆಟ ಶುರುವಾಗುವ ಮುಂಚೆ ಅವನು ಕೋರ್ಟಿಗೆ ಬಂದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ನೇರ ಮೇಡಂ ಹತ್ತಿರ ಹೋಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಪ್ರಕಾರ ಅದರಲ್ಲಿ ವಿಶೇಷವೇನಿದೆ? ಕಲಿಸಿದ ಪಿ.ಟಿ. ಮೇಡಂ ಎದುರಿಗೆ ಸಿಕ್ಕರೆ ನಮ್ಮ ಕಡೆಯ ಯಾವ ಹುಡುಗ ತಾನೇ ಬಗ್ಗುವುದಿಲ್ಲ? ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು, ಅಷ್ಟರಲ್ಲಿ ಅವನ ಕೈ ಬೂಟಿಗೆ ತಾಗಿ ಆಗಿತ್ತು. ಕಟ್ಟೆಯ ಮೇಲಿದ್ದ ಮೊಬೈಲುಗಳೆಲ್ಲ ಎದ್ದು ನಿಂತಿದ್ದವು.

ಗೌರಿಬಿದನೂರು ಗೆದ್ದಿತು. ಆ ವಿಡಿಯೋ ಸಂಜೆಯೊಳಗೆ ನಾಲ್ಕೂ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಮೇಡಂ ಅವನ ವಿರುದ್ಧ ಊದಿದ ಫೌಲುಗಳನ್ನು ಯಾರೂ ಹಾಕಲಿಲ್ಲ, ಅವನು ಬಗ್ಗಿದ್ದನ್ನು ಮಾತ್ರ ಹಾಕಿದರು. ಫೈನಲ್ ಇದ್ದದ್ದು ಶಿಡ್ಲಘಟ್ಟದ ಮೇಲೆ, ಶಿಡ್ಲಘಟ್ಟದಲ್ಲೇ. ಆ ತಂಡದ ಮಾಲೀಕ ರಾಮಾಂಜಿನಪ್ಪ, ರೇಷ್ಮೆ ರೀಲಿಂಗ್ ಯೂನಿಟ್ಟುಗಳ ಒಡೆಯ, ಬಿಳಿ ಅಂಗಿಯ ಮೇಲೆ ಚಿನ್ನದ ಸರ ಕಾಣುವಂತೆ ಬಿಟ್ಟುಕೊಂಡು ಓಡಾಡುವವನು. ಅವನು ಲೀಗಿನ ಕಾರ್ಯದರ್ಶಿ ದಕ್ಷಿಣಾಮೂರ್ತಿಗಳ ಆಫೀಸಿಗೆ ಬಂದು ಕೂತ. ನಾನೂ ಅಲ್ಲೇ ಇದ್ದೆ, ಮೇಡಂ ಅವರೂ ಇದ್ದರು. ಅವರಿದ್ದಾರೆ ಅನ್ನುವ ಸಂಕೋಚ ಅವನಿಗೆ ಲವಲೇಶವೂ ಇರಲಿಲ್ಲ.

“ಈಯಮ್ಮನ್ನ ಬದಲಾಯಿಸಿ ಸಾರ್,” ಅಂದ. “ಗುರು ಶಿಷ್ಯ ಅಂತೆ. ಗುರು ಶಿಷ್ಯರು ಮನೇಲಿ ಇಟ್ಕೊಳ್ಳಲಿ. ಜೊತೆಗೆ ಒಂದೇ ಕಾಲೋನಿ ಜನ, ಒಬ್ರನ್ನೊಬ್ರು ಬಿಟ್ಟುಕೊಡ್ತಾರಾ?”

ಕೆಂಚಾರ್ಲಹಳ್ಳಿ ಎಲ್ಲಿ, ಗೌರಿಬಿದನೂರು ಎಲ್ಲಿ. ಯಾವ ಕಾಲೋನಿ ಅಂತ ಅವನು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು. ನನ್ನ ಮೈ ಉರಿದುಹೋಯಿತು. ದಕ್ಷಿಣಾಮೂರ್ತಿಗಳು ಕನ್ನಡಕ ಒರೆಸಿಕೊಂಡರು. ಆ ಮಟ್ಟದ ಮ್ಯಾಚಿಗೆ ಅರ್ಹತೆ ಇರುವ ಬೇರೆ ರೆಫರಿ ಆ ವಾರ ಸಿಗುವುದಿಲ್ಲ, ಮೇಡಂ ಅವರೇ ಇರಲಿ, ಜೊತೆಗೆ ಎರಡನೇ ರೆಫರಿಯಾಗಿ ಚಿಕ್ಕಬಳ್ಳಾಪುರದ ಮಧುಸೂದನ್ ಇರುತ್ತಾನೆ ಅಂದರು. ಮೇಡಂ ಪಕ್ಷಪಾತ ಮಾಡುವವರಲ್ಲ ಅನ್ನುವ ಒಂದೇ ಒಂದು ಮಾತು ಆ ಬಾಯಿಂದ ಬರಲಿಲ್ಲ.

“ನೋಡ್ತೀವಿ ಬಿಡಿ,” ಅಂತ ರಾಮಾಂಜಿನಪ್ಪ ಎದ್ದ. “ಊರೆಲ್ಲ ನೋಡ್ತಿರುತ್ತೆ.”

ಮೇಡಂ ಹೊರಗೆ ಬಂದವರೇ ಚಿರಂಜೀವಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

“ಫೈನಲ್ ದಿನ ನನ್ನ ಹತ್ರ ಬರಬೇಡ. ನಮಸ್ಕಾರ ಬೇಡ. ನನ್ನ ಮುಖಾನೂ ನೋಡ್ಬೇಡ. ತಿಳೀತಾ?”

ಅವನು ಆ ಕಡೆಯಿಂದ ಏನು ಹೇಳಿದನೋ. “ತಪ್ಪು ಮಾಡಿದೆ ಅಂತ ಅಲ್ಲ ಕಣಪ್ಪ,” ಅಂದು ಇವರು ಫೋನ್ ಇಟ್ಟರು. ಮುಖ ಸಣ್ಣದಾಗಿತ್ತು. ಹೆಸರು ಅನ್ನುವುದು ಒಂದನ್ನೇ ನೆಚ್ಚಿಕೊಂಡು ಅಷ್ಟು ವರ್ಷ ಆ ಕೋರ್ಟಿನಲ್ಲಿ ನಿಂತವರು ಅವರು. ಅದನ್ನು ಉಳಿಸಿಕೊಳ್ಳಬೇಕು ಅನ್ನುವ ಯೋಚನೆ ಅವತ್ತು ಅವರ ತಲೆಗೆ ಹೊಕ್ಕಿತು, ಮತ್ತೆ ಇಳಿಯಲಿಲ್ಲ.

ಫೈನಲ್ ದಿನ ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲೇ ಕಟ್ಟೆ ತುಂಬಿತ್ತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ನೇರ ಬಂದವರು, ಯೂನಿಟ್ಟುಗಳಿಂದ ಲಾರಿಯಲ್ಲಿ ತುಂಬಿ ತಂದವರು, ಎಲ್ಲರ ಕೈಗೂ ರಾಮಾಂಜಿನಪ್ಪನ ಫೋಟೋ ಇರುವ ಬೀಸಣಿಗೆ. ಮೈಕಿನಲ್ಲಿ ಮುನಿಗಂಗಪ್ಪ ಅನ್ನುವ ಆಸಾಮಿ. ಮದುವೆಗೂ ಅವನೇ, ರಾಜಕೀಯ ಸಭೆಗೂ ಅವನೇ, ಆಟದ ಗಂಧ ಗಾಳಿ ಗೊತ್ತಿಲ್ಲ.

“ಅಗೋ ಬಂದ್ರಪ್ಪಾ ಮೇಡಂನೋರು,” ಅಂತ ಶುರು ಮಾಡಿದ. “ಶಿಷ್ಯ ಎಲ್ಲಿ, ಪಾದಪೂಜೆಗೆ ಬರಲಿಲ್ವಲ್ಲ?”

ಕಟ್ಟೆಯೆಲ್ಲ ನಕ್ಕಿತು. ಚಿರಂಜೀವಿ ತಲೆ ತಗ್ಗಿಸಿಕೊಂಡು ಕೋರ್ಟಿಗೆ ಬಂದ. ಮೇಡಂ ಕಡೆ ತಿರುಗಿಯೂ ನೋಡಲಿಲ್ಲ.

ಅವನನ್ನು ತಡೆಯಲು ಶಿಡ್ಲಘಟ್ಟದವರು ಹಾಕಿದ್ದು ಕೆಂಪರಾಜು ಅನ್ನುವವನನ್ನು. ಗಿಡ್ಡ, ಗಟ್ಟಿ, ನಾಚಿಕೆ ಮಾನ ಮರ್ಯಾದೆ ಮೂರೂ ಬಿಟ್ಟವನು. ಮೊದಲ ಚೆಂಡಿಗೇ ಮೊಣಕಾಲನ್ನು ಚಿರಂಜೀವಿಯ ತೊಡೆಗೆ ಇಟ್ಟ. ಎರಡನೆಯದಕ್ಕೆ ಮೊಣಕೈ ಪಕ್ಕೆಗೆ. ಆಮೇಲೆ ತೋಳಿನ ಒಳಭಾಗವನ್ನು ಹಿಡಿದು ಚಿವುಟಿದ, ಕೆಳಗಿನಿಂದ ಮಣಿಕಟ್ಟಿಗೆ ಹೊಡೆದ. ಟೇಬಲ್ಲಿನಲ್ಲಿ ಕೂತ ನನಗೇ ಕಾಣುತ್ತಿತ್ತು. ಮೇಡಂ ಹತ್ತು ಅಡಿ ದೂರದಲ್ಲಿದ್ದರು, ವಿಷಲ್ ತುಟಿಯಲ್ಲೇ ಇತ್ತು. ಸದ್ದು ಬರಲಿಲ್ಲ. ಕಾಣಲಿಲ್ಲವೇನೋ ಅಂದುಕೊಂಡೆ. ಮತ್ತೆ ಹಾಗೇ ಆಯಿತು, ಮತ್ತೆ ಬರಲಿಲ್ಲ. ಬೇರೆ ಆಟಗಾರರ ಫೌಲುಗಳಿಗೆಲ್ಲ ಸರಿಯಾಗಿ ಊದುತ್ತಿದ್ದರು. ಇವನಿಗೆ ಏಟು ಬಿದ್ದಾಗ ಮಾತ್ರ ಊದುತ್ತಿರಲಿಲ್ಲ.

ಇನ್ನು ಆ ಮಧುಸೂದನ್. ಕಟ್ಟೆಯಿಂದ ಸದ್ದು ಜೋರಾಗಿ ಬಂದರೆ ಅದೇ ಅವನಿಗೆ ರೂಲ್ ಬುಕ್ಕು. ಶಿಡ್ಲಘಟ್ಟದವನು ಬಿದ್ದ, ಜನ ಕೂಗಿದರು, ಚಿರಂಜೀವಿ ಮೇಲೆ ಫೌಲ್. ಹಾಗೆ ಮಾಡಿ ಅರ್ಧ ಆಟದೊಳಗೆ ಅವನ ತಲೆಗೆ ಮೂರು ಕಟ್ಟಿದ. ಐದಾದರೆ ಆಟಗಾರ ಹೊರಗೆ ಅನ್ನುವುದು ಇಡೀ ಕಟ್ಟೆಗೆ ಗೊತ್ತಿತ್ತು, ಅದಕ್ಕೇ ಕಾಯುತ್ತಿದ್ದರು. ಚಿರಂಜೀವಿಯ ತುಟಿ ಒಡೆದು ರಕ್ತ ಬರುತ್ತಿತ್ತು. ಅವನು ಬನಿಯನ್ನಿನಲ್ಲಿ ಒರೆಸಿಕೊಂಡು ಆಡಿದ. ಒಂದು ಸಲವೂ ಮೇಡಂ ಕಡೆ ನೋಡಲಿಲ್ಲ, ಹೇಳಿಸಿಕೊಂಡಿದ್ದನಲ್ಲ.

ವಿರಾಮದಲ್ಲಿ ವೆಂಕಟರತ್ನಮ್ಮ ಕಟ್ಟೆಯಿಂದ ಇಳಿದು, ಮೇಡಂ ನಿಂತಿದ್ದ ಟೇಬಲ್ ಹತ್ತಿರ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

“ಮೇಡಂ, ಮಾ ವಾಡು ಏಡ್ಚೇವಾಡು ಕಾದು,” ಅಂದರು. “ಅಳೋ ಹುಡುಗ ಅಲ್ಲ ಅವನು. ಚಿಕ್ಕೋನಾಗಿದ್ದಾಗಲೂ ಅತ್ತಿಲ್ಲ. ಅಳಲ್ಲ ಅಂತ ಹೊಡೀಬೋದಾ? ಅವನ್ನ ಈ ಆಟಕ್ಕೆ ಹಾಕಿದ್ದು ನೀವೇ ಅಲ್ವಾ?”

“ಇಲ್ಲಿಗೆ ನೀವು ಬರಬಾರ್ದು ಅಮ್ಮ. ಹೋಗಿ ಕೂತ್ಕೊಳ್ಳಿ.”

“ಕೂತ್ಕೋತೀನಿ. ಕೂತ್ಕೊಂಡು ನೋಡ್ತೀನಿ. ನೀವೂ ನೋಡಿ.”

ಅವರು ಹೋದರು. ನನಗೆ ತಡೆಯಲಾಗಲಿಲ್ಲ. “ಮೇಡಂ, ಕೆಂಪರಾಜು ಕೈ ಎಲ್ಲೆಲ್ಲಿ ಹೋಗ್ತಿದೆ ಅಂತ ನನಗೇ ಕಾಣ್ತಿದೆ,” ಅಂದೆ.

“ನಿಮ್ಮ ಕೆಲಸ ಸ್ಕೋರು ಕೇಶವ್. ಬರೀರಿ,” ಅಂದರು. ಬಾಟಲಿ ಎತ್ತಿ ನೀರು ಕುಡಿದು ಕೋರ್ಟಿಗೆ ಹೊರಟರು.

ಎರಡನೆಯ ಅರ್ಧ ಶುರುವಾದ ಕೂಡಲೇ ಕೆಂಪರಾಜು ಮತ್ತೆ ಮೊಣಕಾಲು ಇಟ್ಟ. ವಿಷಲ್. ಅವನು ಬೆಪ್ಪಾಗಿ ನೋಡಿದ. ಸ್ವಲ್ಪ ಹೊತ್ತಿಗೆ ತೋಳು ಹಿಡಿದ. ವಿಷಲ್. ಅವನಿಗೂ ಫೌಲುಗಳು ಏರಿದವು, ಚಿರಂಜೀವಿಗೆ ಫ್ರೀ ಥ್ರೋ ಸಿಕ್ಕವು, ಹಿಂದೆ ಬಿದ್ದಿದ್ದ ಗೌರಿಬಿದನೂರು ಹತ್ತಿರ ಬಂತು. ಕಟ್ಟೆ ಹುಚ್ಚೆದ್ದಿತು.

“ಶಿಷ್ಯನಿಗೆ ಇನ್ನೊಂದು ಪ್ರಸಾದ,” ಅಂತ ಮುನಿಗಂಗಪ್ಪ ಮೈಕಿನಲ್ಲಿ ಹೇಳುತ್ತಿದ್ದ. “ಮೇಡಂ, ಊರೋರಿಗೂ ಸ್ವಲ್ಪ ಉಳಿಸಿ.”

ನೀರಿನ ಪ್ಯಾಕೆಟ್ಟುಗಳು ಬಂದು ಬಿದ್ದವು. ನನ್ನ ಬೆನ್ನ ಹಿಂದಿನವರು ಹೇಳಿದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯಲ್ಲೂ ಅಕ್ಕ ತಂಗಿಯರು ಇದ್ದಾರೆ, ಓದಿದರೆ ಅವರಿಗೆ ನಾಚಿಕೆಯಾಗುತ್ತದೆ. ಜಾತಿ ಎತ್ತಿದರು, ಮದುವೆಯಾಗದ್ದನ್ನು ಎತ್ತಿದರು, ಹುಡುಗನಿಗೂ ಅವರಿಗೂ ಸಂಬಂಧ ಕಟ್ಟಿದರು. ನಾನು ಒಮ್ಮೆ ಎದ್ದು ತಿರುಗಿ ನಿಂತೆ. ಪೊಲೀಸಿನವನು ನನ್ನನ್ನೇ ಕೂರಿಸಿದ. ಈ ನಡುವೆ ಮಧುಸೂದನ್ ಚಿರಂಜೀವಿಗೆ ನಾಲ್ಕನೆಯದನ್ನೂ ಕಟ್ಟಿಬಿಟ್ಟ.

ಕೊನೆಯ ಗಳಿಗೆ ಬಂತು. ಶಿಡ್ಲಘಟ್ಟ ಒಂದೇ ಅಂಕ ಮುಂದಿತ್ತು. ಚೆಂಡು ಚಿರಂಜೀವಿಯ ಕೈಗೆ ಬಂತು, ರಿಂಗಿಗೆ ಬೆನ್ನು ಮಾಡಿ ನಿಂತಿದ್ದ, ಹಿಂದೆ ಕೆಂಪರಾಜು. ಚಿರಂಜೀವಿ ಭುಜ ತಿರುಗಿಸಿ ಮೇಲೆ ಹಾರಿದ. ಅವನ ಭುಜಕ್ಕೂ ಕೆಂಪರಾಜುವಿನ ಎದೆಗೂ ನಡುವೆ ಒಂದು ಗೇಣು ಜಾಗ ಇತ್ತು. ನಾನು ಕಂಡೆ. ಕೆಂಪರಾಜು ಅಮ್ಮಾ ಅಂತ ಕಿರುಚಿ ಹಿಂದಕ್ಕೆ ಹಾರಿ ಬೆನ್ನ ಮೇಲೆ ಬಿದ್ದ. ಚೆಂಡು ಕೈ ಬಿಟ್ಟಿತ್ತು, ರಿಂಗಿನ ಕಡೆ ಹೋಗುತ್ತಿತ್ತು, ಆಗ ವಿಷಲ್ ಕೇಳಿಸಿತು. ಊದಿದವರು ಮೇಡಂ. ಮುಷ್ಟಿ ಎತ್ತಿ ಚಿರಂಜೀವಿಯ ಕಡೆ ತೋರಿಸಿದರು. ಚೆಂಡು ಬಲೆಯೊಳಗೆ ಇಳಿದದ್ದನ್ನು ಯಾರೂ ನೋಡಲಿಲ್ಲ.

ಐದನೆಯ ಫೌಲ್. ಅವನು ಹೊರಗೆ, ಬಾಸ್ಕೆಟ್ ಇಲ್ಲ, ಶಿಡ್ಲಘಟ್ಟ ಗೆದ್ದ ಹಾಗೆ.

ಯಾಕೆ ಊದಿದರು ಅಂತ ನನ್ನನ್ನು ಕೇಳಿದರೆ ಹೇಳುತ್ತೇನೆ. ನಮ್ಮ ಕಡೆ ಕ್ಲಾಸಿನಲ್ಲಿ ಗಲಾಟೆಯಾದರೆ ಮೇಷ್ಟ್ರ ಸ್ವಂತ ಮಗನಿಗೆ ಮೊದಲ ಏಟು ಬೀಳುತ್ತದೆ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಬೇರೆ ಮಾತು. ನಾಲ್ಕು ಜನ ಬೆರಳು ತೋರಿಸಬಾರದು, ಅಷ್ಟೇ. ಮೇಡಂ ಅಂಥ ಮೇಷ್ಟ್ರ ಮಗಳು. ಊರು ಅವರನ್ನು ಅಲ್ಲಿಯವರೆಗೆ ತಳ್ಳಿಕೊಂಡು ಬಂದಿತ್ತು.

ಕಟ್ಟೆ ಒಂದೇ ಸಲ ಬದಲಾಯಿತು. ಬೈದ ಬಾಯಿಗಳೇ ಮೇಡಂಗೆ ಜೈ ಅಂದವು. ರಾಮಾಂಜಿನಪ್ಪ ಶಾಲು ತರಿಸುತ್ತಿದ್ದ. ಇವರದು ತಾಯಿ ಕರುಳಲ್ಲ, ನ್ಯಾಯದ ಕರುಳು ಅಂತ ಮುನಿಗಂಗಪ್ಪ ಭಾಷಣಕ್ಕೆ ಇಳಿದ. ಚಿರಂಜೀವಿ ವಾದ ಮಾಡಲಿಲ್ಲ, ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಅವತ್ತು ಮೊದಲ ಬಾರಿಗೆ ಮೇಡಂ ಮುಖ ನೋಡಿದ.

ಫೌಲ್ ಬರೆಸಲು ಮೇಡಂ ಟೇಬಲ್ಲಿಗೆ ಬಂದರು. ನನ್ನ ಮುಂದೆ ನಿಂತರು. ನಾನು ಪೆನ್ನು ಹಿಡಿದು ಕಾದೆ.

“ಬರೀಬೇಡಿ ಕೇಶವ್,” ಅಂದರು. “ಅವನು ಮುಟ್ಟೇ ಇಲ್ಲ. ತಪ್ಪು ವಿಷಲ್ ಊದಿದೆ. ಫೌಲ್ ಕ್ಯಾನ್ಸಲ್, ಬಾಸ್ಕೆಟ್ ಕೌಂಟ್. ವಿಷಲ್‌ಗೆ ಮುಂಚೆ ಚೆಂಡು ಕೈ ಬಿಟ್ಟಿತ್ತು.”

ನನಗೇ ಭಯವಾಯಿತು. “ಮೇಡಂ, ಯೋಚನೆ ಮಾಡಿ ಹೇಳಿ. ಜನ ನೋಡಿ.”

“ಯೋಚನೆ ಮಾಡಿದ್ದಕ್ಕೇ ಈ ಗತಿ ಬಂದಿದ್ದು. ಎರಡು ಪಾಯಿಂಟ್ ಹಾಕಿ.”

ಹಾಕಿದೆ. ಅವರು ಕೋರ್ಟಿನ ನಡುವೆ ಹೋಗಿ ಎರಡೂ ಕೈ ಬೀಸಿ ರದ್ದು ಅಂತ ತೋರಿಸಿದರು, ಎರಡು ಬೆರಳು ಎತ್ತಿದರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ಸದ್ದನ್ನು ನಾನು ಮತ್ತೆ ಕೇಳಲು ಬಯಸುವುದಿಲ್ಲ. ಉಳಿದ ಗಳಿಗೆಯಲ್ಲಿ ಶಿಡ್ಲಘಟ್ಟದವರು ಎಸೆದ ಚೆಂಡು ರಿಂಗಿಗೆ ಬಡಿದು ಆಚೆ ಬಿತ್ತು. ಆಟ ಮುಗಿಯಿತು, ಜನ ನುಗ್ಗಿದರು. ಕುರ್ಚಿಗಳು ಹಾರಿದವು. ಕಲ್ಲೊಂದು ಮೇಡಂ ಹುಬ್ಬಿಗೆ ತಾಗಿತು. ಪೊಲೀಸರು ಅವರನ್ನೂ ನನ್ನನ್ನೂ ಎಳೆದುಕೊಂಡು ಹೋಗಿ, ಕಟ್ಟೆಯ ಕೆಳಗಿನ ಸ್ಟೋರ್ ರೂಮಿಗೆ ತಳ್ಳಿ ಬಾಗಿಲು ಹಾಕಿದರು. ಮಧುಸೂದನ್ ಅಷ್ಟರಲ್ಲಿ ಬೈಕ್ ಹತ್ತಿ ಹೋಗಿದ್ದ.

ಹಳೆಯ ಜಿಮ್ನಾಸ್ಟಿಕ್ ಚಾಪೆಗಳ ಮೇಲೆ ಮೇಡಂ ಕೂತರು. ನನ್ನ ಕರ್ಚೀಫನ್ನು ಹುಬ್ಬಿಗೆ ಒತ್ತಿ ಹಿಡಿದುಕೊಂಡಿದ್ದರು. ಹೊರಗಿನ ಗಲಾಟೆ ತುಸು ತಗ್ಗಿದ ಮೇಲೆ ಬಾಗಿಲು ತೆರೆಯಿತು, ಚಿರಂಜೀವಿ ಬಂದ. ನನಗೆ ಸಮಾಧಾನವಾಯಿತು. ಸದ್ಯ, ಒಬ್ಬನಾದರೂ ನಾಲ್ಕು ಒಳ್ಳೆಯ ಮಾತು ಆಡಲು ಬಂದ ಅಂದುಕೊಂಡೆ.

“ಕೂತ್ಕೋ,” ಅಂದರು ಮೇಡಂ.

ಅವನು ಕೂರಲಿಲ್ಲ. ಬನಿಯನ್ ಎತ್ತಿ ಪಕ್ಕೆ ತೋರಿಸಿದ. ಅಂಗೈ ಅಗಲದ ಜಾಗ ನೀಲಿಗಟ್ಟಿತ್ತು. ತೋಳು ತಿರುಗಿಸಿದ, ಒಳಗೆಲ್ಲ ಉಗುರಿನ ಗಾಯ.

“ಇದು ಫಸ್ಟ್ ಹಾಫಿಂದು ಮೇಡಂ. ಇದೂ ಫಸ್ಟ್ ಹಾಫಿಂದೇ,” ಅಂದ. ದನಿ ಏರಿರಲಿಲ್ಲ. “ನಿಮಗೆ ಕಾಣಲಿಲ್ವಾ, ಇಲ್ಲ ಕಂಡೂ ಬಿಟ್ರಾ? ಅದೊಂದು ಹೇಳಿ.”

ನನಗೆ ರೇಗಿಹೋಯಿತು. “ಏಯ್, ನಿನಗೋಸ್ಕರ ಅವರು ಕಲ್ಲೇಟು ತಿಂದಿದ್ದಾರೆ, ಮುಖ ನೋಡು,” ಅಂದೆ. ಮೇಡಂ ಕೈ ಎತ್ತಿ ನನ್ನನ್ನು ತಡೆದರು.

“ಕಂಡಿತ್ತು ಕಣಪ್ಪ,” ಅಂದರು. “ಎಲ್ಲಾ ಕಂಡಿತ್ತು.”

ಅವನು ತಲೆ ಆಡಿಸಿದ. “ಬೇರೆ ರೆಫರಿಗಳೂ ಬಿಡ್ತಾರೆ. ಇವನು ದೊಡ್ಡೋನು, ತಡ್ಕೋತಾನೆ ಅಂತ. ಅದು ನನಗೆ ರೂಢಿ ಆಗ್ಹೋಗಿದೆ. ನೀವು ಬಿಟ್ಟಿದ್ದು ಅದಕ್ಕಲ್ಲ. ನಿಮ್ಮ ಹೆಸರು ಕೆಡುತ್ತೆ ಅಂತ ಬಿಟ್ರಿ.”

“ಹೌದು.”

ಅವರು ಅಷ್ಟೇ ಅಂದರು. ಸಬೂಬು ಹೇಳಲಿಲ್ಲ, ರಾಮಾಂಜಿನಪ್ಪನ ಮಾತು ಎತ್ತಲಿಲ್ಲ. ನಾನಾಗಿದ್ದರೆ ನೂರು ಹೇಳುತ್ತಿದ್ದೆ. ಅವನ ಮೇಲೆ ಬಂದಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಹುಡುಗನ ಮಾತಿನಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ.

“ಇನ್ಮೇಲೆ ನಮ್ಮ ಮ್ಯಾಚಿಗೆ ನೀವು ಬರಬೇಡಿ ಮೇಡಂ,” ಅಂದ.

“ಬರಲ್ಲ. ಯಾರ ಮ್ಯಾಚಿಗೂ ಬರಲ್ಲ.”

ಅವನು ಬ್ಯಾಗು ಹೆಗಲಿಗೇರಿಸಿ ತಿರುಗಿದ. ಆ ಸ್ಟೋರ್ ರೂಮಿನ ಬಾಗಿಲು ಗಿಡ್ಡ, ನಾನೇ ಬಗ್ಗಿ ಬಂದಿದ್ದೆ.

“ತಲೆ ಜೋಪಾನ ಕಣಪ್ಪ,” ಅಂದರು ಮೇಡಂ.

ಅವನು ಒಂದು ಗಳಿಗೆ ನಿಂತ. ಆಮೇಲೆ ಬಗ್ಗಿ ಹೊರಗೆ ಹೋದ, ತಿರುಗಿ ನೋಡಲಿಲ್ಲ. ಮೇಡಂ ಕರ್ಚೀಫನ್ನು ಹುಬ್ಬಿನಿಂದ ಕಣ್ಣಿಗೆ ಇಳಿಸಿಕೊಂಡು ಅಳತೊಡಗಿದರು. ಯಾರೂ ಒಳಗೆ ಬಾರದ ಹಾಗೆ ನಾನು ಬಾಗಿಲಿಗೆ ಅಡ್ಡ ನಿಂತುಕೊಂಡೆ.